ಭಾನುವಾರದ ತೂಕ

ತಕ್ಕಡಿ ರಿಪೇರಿ ಮಾಡುವ ಆ ಮನುಷ್ಯನಿಗೆ ಬೀದಿಯ ಜನ ಗುಂಜಿ ಮೇಸ್ತ್ರಿ ಎಂದು ಹೆಸರಿಟ್ಟಿದ್ದರು. ಗುಂಜಿ ತೂಕದಷ್ಟು ಹೆಚ್ಚುಕಮ್ಮಿಯಾದರೂ ಅವನಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಈರುಳ್ಳಿ ಮಾರುವವನ ತಕ್ಕಡಿ, ಅಕ್ಕಸಾಲಿಗನ ಗಾಜಿನ ಪೆಟ್ಟಿಗೆಯ ತಕ್ಕಡಿ, ಹಳೇ ಪೇಪರಿನವನ ಕೊಕ್ಕೆಯ ತಕ್ಕಡಿ, ಎಲ್ಲವೂ ವರ್ಷಕ್ಕೊಮ್ಮೆ ಅವನ ಅಂಗಡಿಯ ಮೇಜಿನ ಮೇಲೆ ಬಂದು ಕೂರಬೇಕು. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಹಿಂದಿನ ಎರಡು ಕೋಣೆಗಳಲ್ಲಿ ಅವನು, ಅವನ ಹೆಂಡತಿ, ಅವನ ತಾಯಿ. ತಾಯಿ ಕಿಟಕಿಯ ಪಕ್ಕ ಹೊಲಿಗೆ ಮಿಷನ್ ಇಟ್ಟುಕೊಂಡು ಬೀದಿಯವರ ಬಟ್ಟೆ ಹೊಲಿಯುತ್ತಿದ್ದಳು. ಹೆಂಡತಿ ಬಸುರಿ.

ಇದು ಎರಡನೇ ಸಲ. ಮೊದಲ ಸಲ ಮೂರನೇ ತಿಂಗಳಿಗೇ ಕೈತಪ್ಪಿತ್ತು. ಆಗ ಎರಡು ದಿನ ಹೊಟ್ಟೆ ಹಿಡಿದುಕೊಂಡು ಓಡಾಡುತ್ತಿದ್ದವಳನ್ನು ಮೇಸ್ತ್ರಿ "ಏನಾಯ್ತು?" ಎಂದು ಕೇಳಿದ್ದ. "ಏನಿಲ್ಲ" ಎಂದಿದ್ದಳು. ಏನಿಲ್ಲ ಎಂದ ಮೇಲೆ ಏನೂ ಇಲ್ಲ ಎಂದು ಅವನು ಅಂಗಡಿಗೆ ಹೋಗಿ ಕೂತಿದ್ದ. ಆ ಸಂಕಟ ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಈ ಸಲ ಬಾಯಿಮಾತನ್ನು ನಂಬುವುದಿಲ್ಲ, ತಕ್ಕಡಿಯ ಮುಳ್ಳನ್ನು ಮಾತ್ರ ನಂಬುತ್ತೇನೆ ಎಂದು ಶಪಥ ಮಾಡಿಬಿಟ್ಟ. ಪಾಪ, ಪ್ರೀತಿಯೇ. ಆದರೆ ಪ್ರೀತಿಯನ್ನು ಅವನು ತನಗೆ ಗೊತ್ತಿದ್ದ ರೀತಿಯಲ್ಲಿ ಮಾಡಿದ.

ಆಳೆತ್ತರದ ಕಂಬ, ಕಂಬದ ಮೇಲೆ ಗಡಿಯಾರದಂಥ ಮುಖ ಇದ್ದ ಒಂದು ಹಳೇ ತೂಕದ ಮಿಷನ್ನನ್ನು ಗುಜರಿಯಿಂದ ತಂದು, ಮೂರು ದಿನ ಬಿಚ್ಚಿ ಜೋಡಿಸಿ, ಐವತ್ತು ಗ್ರಾಂ ವ್ಯತ್ಯಾಸವನ್ನೂ ಹಿಡಿಯುವಂತೆ ಮಾಡಿ ನಡುಕೋಣೆಯ ಕಿಟಕಿಯ ಪಕ್ಕ ನಿಲ್ಲಿಸಿದ. ಗೋಡೆಗೆ ಗೆರೆಕಾಗದ ಅಂಟಿಸಿ, ಐವತ್ತೆರಡು ಕಿಲೋದಿಂದ ಅರವತ್ಮೂರಕ್ಕೆ ಏರುವ ಒಂದು ಓರೆಗೆರೆ ಎಳೆದ. ಒಂಬತ್ತು ತಿಂಗಳು ಹೆಂಡತಿ ಆ ಗೆರೆಯ ಮೇಲೆ ನಡೆಯಬೇಕು. ಪ್ರತಿ ಭಾನುವಾರ ಬೆಳಿಗ್ಗೆ ತೂಕ.

"ಏನೋ ಇದು, ಮೂಟೆ ತೂಗಿದ ಹಾಗೆ?" ಎಂದಳು ತಾಯಿ. "ನಿನ್ನ ಹೊತ್ತಾಗ ನನ್ನನ್ನ ಯಾರು ತೂಗಿದ್ರು? ನೀನು ಹುಟ್ಟಲಿಲ್ವಾ?"

"ಅದಕ್ಕೇ ಅಮ್ಮ, ನಾನೆಷ್ಟಿದ್ದೆ ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ" ಎಂದ ಮಗ, ಅದೊಂದು ದೊಡ್ಡ ನಷ್ಟ ಎಂಬಂತೆ.

ಹೆಂಡತಿಯ ದೇಹಕ್ಕೆ ಓರೆಗೆರೆಯ ಸುದ್ದಿ ಯಾರೂ ಮುಟ್ಟಿಸಿರಲಿಲ್ಲ. ಎರಡನೇ ತಿಂಗಳಿಗೆ ವಾಂತಿ ಶುರುವಾಯಿತು. ನೀರು ಕುಡಿದರೆ ನೀರು, ಹಾಲು ಕುಡಿದರೆ ಹಾಲು, ಎಲ್ಲವೂ ಬಂದ ದಾರಿಯಲ್ಲೇ ವಾಪಸ್ಸು. ಮುಳ್ಳು ಐವತ್ತೊಂದಕ್ಕೆ ಇಳಿಯಿತು, ಮುಂದಿನ ಭಾನುವಾರ ಐವತ್ತಕ್ಕೆ. ಮೇಸ್ತ್ರಿಗೆ ಭೂಮಿ ಬಾಯಿಬಿಟ್ಟಂತಾಯಿತು. ಅಂಗಡಿ ಅರ್ಧಕ್ಕೆ ಬಿಟ್ಟು ಬಂದು ಹೆಂಡತಿಯ ಎದುರು ಕೂತು ತುತ್ತು ಎಣಿಸತೊಡಗಿದ. ಬೇಯಿಸಿದ ಮೊಟ್ಟೆ ಹಿಡಿದುಕೊಂಡು ಕೋಣೆಯಿಂದ ಕೋಣೆಗೆ ಅವಳ ಹಿಂದೆ ಅಲೆದ. ಅವಳು ವಾಂತಿ ಮಾಡಿದರೆ ಬಚ್ಚಲ ಬಾಗಿಲಲ್ಲಿ ನಿಂತು, "ಅಯ್ಯೋ, ಇನ್ನೂರು ಗ್ರಾಂ ಹೋಯ್ತಲ್ಲೇ!" ಎಂದು ಹಲುಬಿದ. ಆರೋಗ್ಯ ಕೇಂದ್ರದ ನರ್ಸಮ್ಮ, "ಮೊದಲ ಮೂರು ತಿಂಗಳು ಹೀಗೆ ಇಳಿಯೋದು ಇದ್ದದ್ದೇ. ಸ್ವಲ್ಪ ಸ್ವಲ್ಪ ತಿನ್ನಲಿ, ನೀರು ಕುಡೀಲಿ, ಹೆದರಿಸಬೇಡಿ" ಎಂದು ಹೇಳಿಕಳಿಸಿದ್ದಳು. ಮೇಸ್ತ್ರಿಗೆ ಕೇಳಿಸಿದ್ದು "ಇಳಿಯೋದು" ಎಂಬುದೊಂದೇ.

ಮೂರನೇ ವಾರಕ್ಕೆ ಅತ್ತೆ ಸೊಸೆ ಇಬ್ಬರಿಗೂ ಸಾಕುಸಾಕಾಯಿತು. ಭಾನುವಾರದ ಮುಂಚಿನ ಸಂಜೆ ಅತ್ತೆ ಬಾಗಿಲ ಹಿಂದಿನ ಡಬ್ಬಿಗೆ ಕೈಹಾಕಿದಳು. ಸವೆದು ಸರ್ಕಾರಿ ಮುದ್ರೆಗೆ ಅನರ್ಹವಾದ ಕಬ್ಬಿಣದ ತೂಕದ ಕಲ್ಲುಗಳನ್ನು ಮಗ ಬಿಸಾಡಿದ್ದ ಡಬ್ಬಿ ಅದು. ಒಂದೊಂದು ಕಿಲೋದ ಎರಡನ್ನು ಆರಿಸಿದಳು. ಸೊಸೆಯ ಅಂಗಿಗೆ ಒಳಗಿನಿಂದ ಎರಡು ಜೇಬು ಹೊಲಿದಳು.

"ಅತ್ತೆ, ಗೊತ್ತಾದ್ರೆ?"

"ಅವನು ಮುಳ್ಳು ನೋಡ್ತಾನೆ, ನಿನ್ನನ್ನೆಲ್ಲಿ ನೋಡ್ತಾನೆ? ಧೈರ್ಯವಾಗಿ ಮಿಷನ್ ಹತ್ತು ಮಗಳೇ, ನಮಗೂ ಒಂದು ವಾರ ನೆಮ್ಮದಿ ಬೇಡ್ವಾ?"

ಮರುದಿನ ಬೆಳಿಗ್ಗೆ ಮುಳ್ಳು ಐವತ್ತೊಂದೂ ಮುಕ್ಕಾಲನ್ನು ತೋರಿಸಿತು. ಮೇಸ್ತ್ರಿಯ ಸಂತೋಷ ಏನು ಕೇಳುತ್ತೀರಿ! ಮೊಟ್ಟೆ ಕೆಲಸ ಮಾಡಿತು ಎಂದು ಬೀದಿಗೆಲ್ಲ ಸಾರಿದ. ಕಲ್ಲು ಸವೆದದ್ದರಿಂದ ಕಡಿಮೆ ಬಿದ್ದ ಚೂರನ್ನು ರಾತ್ರಿಯ ಬೆವರಿನ ಲೆಕ್ಕಕ್ಕೆ ಹಾಕಿದ. ಅಂದಿನಿಂದ ಮನೆಯಲ್ಲಿ ಶಾಂತಿ ನೆಲೆಸಿತು. ಮೊಟ್ಟೆಯ ಕಾಟ ತಪ್ಪಿದ್ದೇ ಸೊಸೆ ತನಗೆ ಬೇಕಾದಾಗ ಬೇಕಾದ್ದನ್ನು ತಿಂದಳು. ನಾಲ್ಕನೇ ತಿಂಗಳಿಗೆ ವಾಂತಿ ನಿಂತು ನಿಜವಾಗಿಯೂ ಮೈಕೈ ತುಂಬಿಕೊಂಡಳು. ಅವಳು ತುಂಬಿಕೊಂಡ ಹಾಗೆ ಅತ್ತೆ ಒಂದು ಕಲ್ಲು ತೆಗೆದಳು, ಏಳನೇ ತಿಂಗಳಿಗೆ ಇನ್ನೊಂದನ್ನೂ ತೆಗೆದಳು. ಗೋಡೆಯ ಮೇಲಿನ ಚುಕ್ಕೆಗಳು ಓರೆಗೆರೆಯ ಮೇಲೆ ಹೇಳಿ ಮಾಡಿಸಿದ ಹಾಗೆ ಕೂತವು.

ಒಂದೇ ಒಂದು ವಿಷಯ ಮೇಸ್ತ್ರಿಯ ಮನಸ್ಸಿಗೆ ಚುಚ್ಚುತ್ತಿತ್ತು: ಆರೋಗ್ಯ ಕೇಂದ್ರದ ಕಾರ್ಡು. ಅಲ್ಲಿ ಮೂರನೇ ತಿಂಗಳಲ್ಲಿ ಮನೆಯ ಲೆಕ್ಕಕ್ಕಿಂತ ಎರಡು ಕಿಲೋ ಕಡಿಮೆ ಬರೆದಿದ್ದರು. ಐದನೇ ತಿಂಗಳಲ್ಲಿ ಒಂದು ಕಿಲೋ ಕಡಿಮೆ. ಏಳರಲ್ಲಿ ಸರಿಯಾಗಿ ತಾಳೆಯಾಯಿತು. ಕಮ್ಮಿ ತೋರಿಸುವ ಮಿಷನ್ ಆದರೆ ಯಾವಾಗಲೂ ಕಮ್ಮಿ ತೋರಿಸಬೇಕು, ಅವರದು ತನ್ನಿಷ್ಟ ಬಂದ ಹಾಗೆ ಆಡುತ್ತಿದೆ ಎಂದರೆ ಒಳಗಿನ ಸ್ಪ್ರಿಂಗು ಸಡಿಲವಾಗಿದೆ. ಇಷ್ಟು ಕಂಡುಹಿಡಿಯಲು ಮೂವತ್ತು ವರ್ಷದ ಅನುಭವ ಬೇಕಿತ್ತು, ಅದು ಅವನಲ್ಲಿತ್ತು.

ಎಂಟನೇ ತಿಂಗಳ ಕೊನೆಗೆ ಹೆಂಡತಿಯ ಪಾದ ಚಪ್ಪಲಿಗೆ ಹೋಗದಾಯಿತು. "ಬಸುರಿ ಕಾಲು ಊದದೆ ಇನ್ನೇನು ಊದುತ್ತೆ?" ಎಂದಳು ಅತ್ತೆ, ಮತ್ತು ತನ್ನ ಚಪ್ಪಲಿ ಕೊಟ್ಟಳು. ಆ ಭಾನುವಾರ ಹತ್ತಿ ನಿಂತವಳಿಗೆ ಮುಳ್ಳು ಗೆರೆಯ ಲೆಕ್ಕವನ್ನು ದಾಟಿ ಮೇಲೆ ಹೋಗುತ್ತಿರುವುದು ಕಾಣಿಸಿತು. ಗಂಡ ಇನ್ನೂ ಕನ್ನಡಕ ಒರೆಸುತ್ತಿದ್ದ. ತೆಗೆಯಲು ಜೇಬಿನಲ್ಲಿ ಕಲ್ಲೇ ಉಳಿದಿರಲಿಲ್ಲ. ಅವಳು ಮೆಲ್ಲಗೆ ಕಿಟಕಿಯ ಸರಳಿನ ಮೇಲೆ ಅಂಗೈ ಊರಿ ಭಾರ ಬಿಟ್ಟಳು. ಮುಳ್ಳು ವಿಧೇಯವಾಗಿ ಕೆಳಗಿಳಿಯಿತು.

"ಅರವತ್ತೊಂದು ಮುಕ್ಕಾಲು! ಗೆರೆ ಅಂದ್ರೆ ಗೆರೆ!" ಎಂದ ಮೇಸ್ತ್ರಿ.

ಬುಧವಾರ ಅತ್ತೆ ಸೊಸೆ ಆರೋಗ್ಯ ಕೇಂದ್ರಕ್ಕೆ ಹೋಗಿಬಂದರು. ಸಂಜೆ ಕಾರ್ಡು ನೋಡಿದ ಮೇಸ್ತ್ರಿಯ ಹುಬ್ಬು ಗಂಟಿಕ್ಕಿತು. ಅರವತ್ನಾಲ್ಕೂವರೆ! ಅದರ ಪಕ್ಕ ಕೆಂಪು ಶಾಯಿಯಲ್ಲಿ, ಹದಿನೈದು ದಿನಕ್ಕೆ ಮೂರೂವರೆ ಕಿಲೋ ಏರಿದೆ, ರಕ್ತದೊತ್ತಡ ಗಡಿಯ ಮೇಲಿದೆ, ಶುಕ್ರವಾರ ಬೆಳಿಗ್ಗೆ ಗಂಡನೊಂದಿಗೆ ತಪ್ಪದೆ ಬರಬೇಕು ಎಂದಿತ್ತು.

"ನೋಡಿದ್ಯಾ ಅಮ್ಮ? ಇಷ್ಟು ದಿನ ಕಮ್ಮಿ ತೋರಿಸ್ತಿತ್ತು, ಈಗ ಜಾಸ್ತಿ ತೋರಿಸ್ತಿದೆ. ಮಿಷನ್ ಪೂರ್ತಿ ಕೆಟ್ಟಿದೆ. ತೂಕದ್ದೇ ಹೀಗಾದ್ರೆ ಇನ್ನು ಆ ರಕ್ತದೊತ್ತಡದ್ದು ಹೇಗಿರುತ್ತೋ!"

ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ಒಂದು ಸುಳ್ಳನ್ನು ಆರು ತಿಂಗಳು ಸಾಕಿದ ಮೇಲೆ ಅದನ್ನು ಹೊರಗೆ ಹಾಕುವುದು ಸುಲಭವಲ್ಲ, ಮನೆಮಗುವಿನಷ್ಟೇ ಬೆಳೆದುಬಿಟ್ಟಿರುತ್ತದೆ.

ಶುಕ್ರವಾರ ಗಂಡ ಹೋದ. ಹೆಂಡತಿಯನ್ನಲ್ಲ, ಸಲಕರಣೆಯ ಪೆಟ್ಟಿಗೆಯನ್ನು ಜೊತೆಗೆ ಕರೆದುಕೊಂಡು. ಮುದ್ರೆಯಿದ್ದ ಇಪ್ಪತ್ತು ಕಿಲೋದ ಮೂರು ತೂಕಗಳನ್ನು ಕೈಗಾಡಿಯಲ್ಲಿ ಹೇರಿಕೊಂಡು ಆರೋಗ್ಯ ಕೇಂದ್ರದ ಮೆಟ್ಟಿಲ ಬಳಿ ನಿಂತ. ಒಳಗೆ ಬೆಂಚಿನ ಮೇಲೆ ಏಳೆಂಟು ಬಸುರಿಯರು ಕೂತಿದ್ದರು.

"ನಿಮ್ಮ ಮನೆಯವರೆಲ್ಲಿ?" ಎಂದಳು ನರ್ಸಮ್ಮ.

"ಮಲಗಿದ್ದಾಳೆ ಸಿಸ್ಟರ್. ಮೊದ್ಲು ಮಿಷನ್ ಸರಿ ಮಾಡಿಕೊಡ್ತೀನಿ, ಆಮೇಲೆ ಕರ್ಕೊಂಡು ಬರ್ತೀನಿ. ಫ್ರೀಯಾಗೇ ಮಾಡ್ತೀನಿ."

"ಹತ್ತು ಗಂಟೆ ಆಯ್ತು, ಇನ್ನೂ ಮಲಗಿದ್ದಾರಾ? ಮೇಸ್ತ್ರಿಗಳೇ, ನಾನು ಕರ್ಕೊಂಡು ಬನ್ನಿ ಅಂದಿದ್ದು ಅವರನ್ನ."

"ಐದೇ ನಿಮಿಷ" ಎಂದು ಮೇಸ್ತ್ರಿ ಮಂಡಿಯೂರಿಬಿಟ್ಟ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ಆ ನೆಲವನ್ನೇ ನೆಟ್ಟಗೆ ಮಾಡಲು ಬಂದಿದ್ದ.

ಇಪ್ಪತ್ತು ಕಿಲೋ ಇಟ್ಟ, ಮುಳ್ಳು ಇಪ್ಪತ್ತಕ್ಕೆ ಹೋಗಿ ನಿಂತಿತು. ನಲವತ್ತು ಇಟ್ಟ, ನಲವತ್ತು. ಅರವತ್ತಕ್ಕೆ ಅರವತ್ತು. ಮೂಲೆಗೆ ಸರಿಸಿ ಇಟ್ಟು ನೋಡಿದ, ತಟ್ಟಿ ನೋಡಿದ, ಕನ್ನಡಕ ತೆಗೆದು ನೋಡಿದ. ಆ ಬಡಪಾಯಿ ಮಿಷನ್ ಒಂದು ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಮೇಸ್ತ್ರಿ ಮಂಡಿಯೂರಿದಲ್ಲೇ ಇದ್ದ. ಅವನು ಜೀವಮಾನದಲ್ಲಿ ಮನುಷ್ಯರ ಜೊತೆ ಎಷ್ಟೋ ಸಲ ಜಗಳವಾಡಿದ್ದ, ಮುದ್ರೆಯ ತೂಕಕ್ಕೆ ಒಪ್ಪಿದ ತಕ್ಕಡಿಯ ಜೊತೆ ಒಂದು ಸಲವೂ ಆಡಿರಲಿಲ್ಲ.

"ಮಿಷನ್ ಸರಿ ಇದೆ ತಾನೆ?" ಎಂದಳು ನರ್ಸಮ್ಮ. "ಹಾಗಾದ್ರೆ ಆ ಮೂರೂವರೆ ಕಿಲೋ ಯಾರದು?"

ಅವನು ಮಿಷನ್ನಿನ ಮೇಲಿದ್ದ ತೂಕಗಳನ್ನು ಒಂದೊಂದಾಗಿ ಇಳಿಸಿಟ್ಟ.

"ಅದು ಕೊಬ್ಬಲ್ಲ ಮೇಸ್ತ್ರಿಗಳೇ, ನೀರು. ಬರೀ ಕಾಲು ಊದಿದ್ರೆ ನಾನು ಇಷ್ಟು ಹೇಳ್ತಿರಲಿಲ್ಲ. ಮುಖ, ಕೈ ಊದಿದ್ಯಾ? ತಲೆನೋವಿದ್ಯಾ? ಕಣ್ಣು ಮಂಜಾಗ್ತಿದ್ಯಾ? ಹೊಟ್ಟೆ ಮೇಲ್ಭಾಗದಲ್ಲಿ ನೋವಿದ್ಯಾ?"

ಹೆಂಡತಿಯ ತೂಕವನ್ನು ಮೂವತ್ತು ಭಾನುವಾರಗಳಷ್ಟು ಹಿಂದಿನಿಂದ ಒಪ್ಪಿಸಬಲ್ಲ ಆ ಮನುಷ್ಯನಿಗೆ ಈ ನಾಲ್ಕು ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಪೆಟ್ಟಿಗೆ, ತೂಕ, ಕೈಗಾಡಿ ಎಲ್ಲವನ್ನೂ ಅಲ್ಲೇ ಬಿಟ್ಟು ಓಡಿದ.

ಓಡಿ ಬಂದವನು ನೇರ ಹೆಂಡತಿಯ ಬಳಿ ಹೋದನೇ? ಇಲ್ಲ. ಹುಟ್ಟುಗುಣ ಸುಟ್ಟರೂ ಹೋಗದು. ಮೊದಲು ಮನೆಯ ಮಿಷನ್ನಿನ ಮುಂದೆ ಕೂತು ಅದರ ಹೊಟ್ಟೆ ಬಿಚ್ಚತೊಡಗಿದ. ಹೊಲಿಗೆ ನಿಲ್ಲಿಸಿ ನೋಡುತ್ತಿದ್ದ ತಾಯಿಗೆ ಕೊನೆಗೆ ತಡೆಯಲಾಗಲಿಲ್ಲ.

"ಅದನ್ನ ಯಾಕೋ ಹಿಂಸೆ ಮಾಡ್ತೀಯ? ಅದಕ್ಕೇನೂ ಆಗಿಲ್ಲ."

"ಹಾಗಾದ್ರೆ ಎರಡೂ ಸರಿಯಾಗಿದ್ದು ಲೆಕ್ಕ ಹೇಗಮ್ಮ ಬೇರೆ ಬರುತ್ತೆ?"

ತಾಯಿ ಬಾಗಿಲ ಹಿಂದಿನ ಡಬ್ಬಿಯಿಂದ ಎರಡು ಕಲ್ಲು ತಂದು ಅವನ ಮುಂದಿಟ್ಟಳು. ಜೇಬಿನ ಕತೆ ಹೇಳಿದಳು, ಕಿಟಕಿಯ ಸರಳಿನ ಕತೆಯನ್ನೂ ಹೇಳಿದಳು. ಸಣ್ಣ ಮೋಸವೆಂದು ಹೊಲಿದದ್ದು ಎಷ್ಟು ದೊಡ್ಡದಾಗಿತ್ತು ಎಂಬುದು ಬಾಯಿಬಿಟ್ಟು ಹೇಳಿದಾಗಲೇ ಅವಳಿಗೂ ಅರಿವಿಗೆ ಬಂತು.

ಮೇಸ್ತ್ರಿ ಎದ್ದು ಹಿಂದಿನ ಕೋಣೆಗೆ ಹೋದ. ಹೆಂಡತಿ ಕಿಟಕಿಗೆ ಬಟ್ಟೆ ಕಟ್ಟಿ ಕತ್ತಲು ಮಾಡಿಕೊಂಡು ಮಲಗಿದ್ದಳು. ಅವನು ಬಟ್ಟೆ ಸರಿಸಿದ. ಕಣ್ಣಿನ ರೆಪ್ಪೆಗಳು ಊದಿದ್ದವು. ಬೆರಳುಗಳು ಊದಿ ಉಂಗುರ ಚರ್ಮದೊಳಗೆ ಹೂತುಹೋಗಿತ್ತು. ಬೆಳಕಿಗೆ ಅವಳು ಮುಖ ತಿರುಗಿಸಿಕೊಂಡಳು. ಇದೆಲ್ಲ ಅವನ ಕಣ್ಣೆದುರಿಗೇ, ಒಂದೇ ಸೂರಿನ ಕೆಳಗೆ ಆಗಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವನು ಈಗ ಅವಳ ಕಾಲ ಬುಡದಲ್ಲಿ ಕೂತ.

"ತಲೆ ನೋಯ್ತಿದ್ಯಾ?"

"ನಿನ್ನೆಯಿಂದ. ಕಣ್ಣೆದುರು ಮಿಣುಕುಹುಳ ಹಾರಿದ ಹಾಗೆ ಆಗುತ್ತೆ."

"ಯಾಕೇ ಹೇಳಲಿಲ್ಲ?"

"ಹೇಳಿದ್ರೆ ನೀವು ಮತ್ತೆ ತೂಕ ಹಾಕ್ತಿದ್ರಿ" ಎಂದಳು ಅವಳು. ಸಿಟ್ಟಿನಿಂದಲ್ಲ, ಹೊರಗೆ ಬಿಸಿಲಿದೆ ಎಂದು ಹೇಳಿದಷ್ಟು ಸಹಜವಾಗಿ.

ಮೇಸ್ತ್ರಿ ಅತ್ತುಬಿಟ್ಟ. ಅಳುತ್ತಲೇ ಹೋಗಿ ಆಟೋ ಕರೆತಂದ.

ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೂತ್ರ ಪರೀಕ್ಷೆ, ರಕ್ತ ಪರೀಕ್ಷೆ ಮಾಡಿಸಿ, ಇನ್ನೊಂದು ದಿನ ತಡವಾಗಿದ್ದರೆ ಅಪಸ್ಮಾರದ ಹಾಗೆ ಸೆಳವು ಬಂದು ಇಬ್ಬರ ಜೀವಕ್ಕೂ ಸಂಚಕಾರವಾಗುತ್ತಿತ್ತು ಎಂದಳು. ಕೈಗೆ ಔಷಧಿಯ ನಳಿಕೆ ಹಾಕಿದರು, ಸಂಜೆಯೊಳಗೆ ಆಪರೇಷನ್ ಮಾಡಿದರು. ಹೆಣ್ಣುಮಗು, ಸಣ್ಣದು, ಆದರೆ ಗಟ್ಟಿಯಾಗಿ ಅತ್ತಿತು. ತಾಯಿಯೂ ಉಳಿದಳು. ಮಗುವಿನ ತೂಕ ಎಷ್ಟೆಂದು ನರ್ಸ್ ಹೇಳಲು ಬಂದಾಗ ಮೇಸ್ತ್ರಿ, "ಅವಳು ಹೇಗಿದ್ದಾಳೆ?" ಎಂದು ಕೇಳಿದ. ಅಷ್ಟರಮಟ್ಟಿಗೆ ಪಾಠ ಹತ್ತಿತ್ತು.

ಮನೆಗೆ ಕಳಿಸುವಾಗ ಡಾಕ್ಟರಮ್ಮ ಅವನನ್ನು ಕೂರಿಸಿಕೊಂಡು ಹೇಳಿದಳು: "ಹೆರಿಗೆ ಆಯ್ತು, ಮುಗೀತು ಅಂದುಕೊಳ್ಳಬೇಡಿ. ಆರು ವಾರ ಇದು ಮತ್ತೆ ಬರಬಹುದು. ತಲೆನೋವು, ಕಣ್ಣು ಮಂಜು, ಉಸಿರು ಕಟ್ಟೋದು, ಜ್ವರ, ಜಾಸ್ತಿ ರಕ್ತ ಹೋಗೋದು, ಸುಮ್ಮಸುಮ್ಮನೆ ಅಳೋದು, ಏನೇ ಇದ್ರೂ ತಕ್ಷಣ ಬನ್ನಿ."

"ಅದನ್ನೆಲ್ಲ ಅಳೆಯೋಕೆ ಏನಾದ್ರೂ ಮಿಷನ್ ಇದ್ಯಾ ಡಾಕ್ಟ್ರೇ?"

"ರಕ್ತದೊತ್ತಡಕ್ಕೆ ಇದೆ, ನರ್ಸಮ್ಮ ವಾರಕ್ಕೆ ಎರಡು ಸಲ ನೋಡ್ತಾರೆ. ಉಳಿದಿದ್ದಕ್ಕೆ ಇಲ್ಲ. ಅವರನ್ನೇ ಕೇಳಬೇಕು."

ಕೇಳುವುದೇನೋ ಸುಲಭ. ಮೇಸ್ತ್ರಿ ಬೆಳಿಗ್ಗೆ ಕೇಳಿದ, ಮಧ್ಯಾಹ್ನ ಕೇಳಿದ, ಸಂಜೆ ಕೇಳಿದ. "ಏನಿಲ್ಲ" ಎಂದಳು ಬೆಳಿಗ್ಗೆ. "ಏನಿಲ್ಲ" ಎಂದಳು ಮಧ್ಯಾಹ್ನ. ಸಂಜೆ ಅವಳು ಹೇಳುವ ಮೊದಲೇ ಅವನಿಗೆ ಉತ್ತರ ಗೊತ್ತಿತ್ತು. ಮನೆಗೆ ಬಂದವರೆಲ್ಲ ಮಗುವಿನ ಮೂಗು ಯಾರ ಹಾಗಿದೆ, ತೂಕ ಎಷ್ಟು, ಹಾಲು ಸರಿಯಾಗಿ ಕುಡಿಯುತ್ತದೆಯೇ ಎಂದು ವಿಚಾರಿಸಿ ಹೋಗುತ್ತಿದ್ದರು. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಎದ್ದು ಕೂರುತ್ತಿದ್ದವಳನ್ನು ಯಾರೂ ವಿಚಾರಿಸಲಿಲ್ಲ. ಕೇಳಿದ್ದರೂ ಏನಿಲ್ಲ ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಮೇಸ್ತ್ರಿ ಕೆಲಸ ಬಿಟ್ಟು ಕೂತು ಯೋಚಿಸಿದ. ಸುಳ್ಳು ಹೇಳುವ ತಕ್ಕಡಿ ಎದುರಿಗೆ ಬಂದರೆ ಅವನು ಅದನ್ನು ಬೈಯುತ್ತಿರಲಿಲ್ಲ, ಅದನ್ನು ಸುಳ್ಳಿಗೆ ತಳ್ಳಿದ್ದೇನು ಎಂದು ಹುಡುಕುತ್ತಿದ್ದ. ಹಾಗೆ ಹುಡುಕಿದಾಗ ಸಿಕ್ಕಿದ್ದು ತಾನೇ. ಅವಳು ನೋವು ಎಂದ ದಿನವೆಲ್ಲ ತಾನು ಮನೆಯನ್ನು ತಲೆಯ ಮೇಲೆ ಹೊತ್ತು ಕುಣಿದಿದ್ದ. ಅವಳ ನೋವಿನ ಜೊತೆಗೆ ತನ್ನ ಗಾಬರಿಯನ್ನೂ ಅವಳೇ ಹೊರಬೇಕಾಗಿತ್ತು. ಯಾವ ಬುದ್ಧಿವಂತೆ ತಾನೇ ಎರಡೆರಡು ಭಾರ ಹೊರುತ್ತಾಳೆ?

ಮರುದಿನ ಮಗುವಿಗೆ ಹಾಲೂಡುತ್ತ ಅವಳು, "ಬೆನ್ನು ಯಾಕೋ ಹಿಡಿದುಕೊಂಡಿದೆ" ಎಂದಳು, ಗೋಡೆಗೆ ಹೇಳಿದ ಹಾಗೆ. ಮೇಸ್ತ್ರಿಗೆ ಎದ್ದು ಓಡಬೇಕು, ಕೂಗಬೇಕು, ಯಾರನ್ನಾದರೂ ಕರೆಯಬೇಕು ಎನಿಸಿತು. ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತ.

"ಹೂಂ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ದಿಂಬು ಕೊಡ್ಲಾ?" ಎಂದ.

"ಕೊಡಿ."

ಹೊರಗೆ ಹೋಗಿ ಬೆವರು ಒರೆಸಿಕೊಂಡ. ಅರವತ್ತು ಕಿಲೋ ಎತ್ತಿಳಿಸಿದಾಗಲೂ ಅವನಿಗೆ ಅಷ್ಟು ಸುಸ್ತಾಗಿರಲಿಲ್ಲ. ಎರಡು ದಿನದ ಮೇಲೆ ಅವಳು ಹೊಲಿಗೆಯ ಜಾಗ ಉರಿಯುತ್ತದೆ ಎಂದಳು. ಇನ್ನೊಂದು ದಿನ, ಯಾಕೋ ಅಳು ಬರುತ್ತದೆ ಎಂದು ಹೇಳಿ ಅತ್ತಳು. ಅವನು ಹೂಂ ಎನ್ನುತ್ತ ಪಕ್ಕದಲ್ಲಿ ಕೂತಿದ್ದ, ಸಂಜೆ ಬಂದ ನರ್ಸಮ್ಮನಿಗೆ ಎಲ್ಲವನ್ನೂ ಹೇಳಿದ. ಅತ್ತೆ ಬಾಗಿಲಲ್ಲಿ ನಿಂತು, ಮಗನಿಗೆ ಮೈ ಹುಷಾರಿಲ್ಲವೇನೋ ಎಂದು ಶಂಕಿಸಿದಳು.

ಹೆರಿಗೆಯಾಗಿ ಹದಿನಾರನೇ ದಿನ ಬೆಳಿಗ್ಗೆ. ಹಿಂದಿನ ದಿನ ತಾನೇ ನರ್ಸಮ್ಮ ರಕ್ತದೊತ್ತಡ ನೋಡಿ ಚೆನ್ನಾಗಿದೆ ಎಂದು ಬರೆದು ಹೋಗಿದ್ದಳು. ಮೇಸ್ತ್ರಿ ಅಂಗಡಿಯಲ್ಲಿ ಅಕ್ಕಸಾಲಿಗನ ತಕ್ಕಡಿಯ ಮೇಲೆ ಬಗ್ಗಿದ್ದ. ಒಳಗಿನಿಂದ ಹೆಂಡತಿ ನಿಧಾನವಾಗಿ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಳು. ಯಾರೂ ಕೇಳಿರಲಿಲ್ಲ.

"ರೀ, ತಲೆ ನೋಯ್ತಿದೆ. ಹೋದ ಸಲದ ಥರಾನೇ. ಕಣ್ಣೂ ಸರಿಯಿಲ್ಲ."

ಹೆಂಡತಿಗೆ ತಲೆನೋವು ಎಂದು ಕೇಳಿ ಯಾವ ಗಂಡನೂ ಪಡಬಾರದಂಥ ಸಂತೋಷವೊಂದು ಮೇಸ್ತ್ರಿಯ ಎದೆಯಲ್ಲಿ ಎದ್ದಿತು. ಅದರ ಬೆನ್ನಿಗೇ ಭಯವೂ ಬಂತು. ಅವನು ಎರಡನ್ನೂ ನುಂಗಿಕೊಂಡ. ಅಕ್ಕಸಾಲಿಗನ ತಕ್ಕಡಿಯನ್ನು ಹೇಗಿತ್ತೋ ಹಾಗೇ ಬಿಟ್ಟು ಎದ್ದು, "ಹೂಂ, ಹೋಗೋಣ ಬಾ" ಎಂದು ಅವಳ ಕೈ ಹಿಡಿದುಕೊಂಡ. ಅತ್ತೆ ಮಗುವನ್ನು ಸುತ್ತಿಕೊಂಡು ಹಿಂದೆಯೇ ಬಂದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದಳು, ಮುಖ ಗಂಭೀರವಾಯಿತು, ಇನ್ನೊಮ್ಮೆ ನೋಡಿದಳು. ಆಮೇಲೆ ಎಲ್ಲವೂ ಬೇಗಬೇಗ ನಡೆಯಿತು. ಸೂಜಿ, ನಳಿಕೆ, ಮಂಚ. ಮಧ್ಯಾಹ್ನದ ಹೊತ್ತಿಗೆ ಒತ್ತಡ ಇಳಿದು ಅವಳು ಸಣ್ಣಗೆ ಗೊರಕೆ ಹೊಡೆಯುತ್ತ ಮಲಗಿದ ಮೇಲೆ ಡಾಕ್ಟರಮ್ಮ ಹೊರಗೆ ಬಂದಳು.

"ಸರಿಯಾದ ಹೊತ್ತಿಗೆ ಬಂದ್ರಿ. ಸಂಜೆವರೆಗೆ ಕಾದಿದ್ರೆ ಕಷ್ಟ ಇತ್ತು. ಹೇಗೆ ಗೊತ್ತಾಯ್ತು ನಿಮಗೆ?"

"ಅವಳೇ ಹೇಳಿದ್ಲು ಡಾಕ್ಟ್ರೇ" ಎಂದ ಮೇಸ್ತ್ರಿ. "ನಾನು ಕೇಳಿರಲಿಲ್ಲ. ಅವಳೇ ಬಂದು ಹೇಳಿದ್ಲು."

ಡಾಕ್ಟರಮ್ಮ ತಲೆಯಾಡಿಸಿ ಮುಂದಿನ ಮಂಚದ ಕಡೆಗೆ ನಡೆದಳು. ಹೆಂಡತಿ ಗಂಡನಿಗೆ ತಲೆನೋವು ಎಂದು ಹೇಳುವುದು ಎಲ್ಲರ ಮನೆಯಲ್ಲೂ ನಡೆಯುವ ಸಂಗತಿ ಎಂದುಕೊಂಡಿರಬೇಕು.